ಡೊಂಬಿವಲಿಯವಳಿಗೆ ಲಿಂಫೋಮಾ ಬಂದಾಗ

ದೊಡ್ಡ ಕಾಯಿಲೆ ಬಂದರೆ ಮನೆಮಂದಿಯೆಲ್ಲ ಮುಖ ಬಾಡಿಸಿಕೊಂಡು ಕೂತಿರುತ್ತಾರೆ ಅಂತ ನಾನೂ ತಿಳಿದಿದ್ದೆ. ಸುಳ್ಳು ಮಾರಾಯ್ರೆ! ನನಗೆ ಲಿಂಫೋಮಾ ಬಂದಾಗ ಅತ್ತದ್ದೂ ಉಂಟು, ಆದರೆ ಹೊಟ್ಟೆ ಹಿಡಿದು ನಕ್ಕದ್ದೇ ಹೆಚ್ಚು. ಸುತ್ತ ಇದ್ದವರು ಅಂಥವರು, ನಾನು ಎಂತ ಮಾಡಲಿ?

ಗಂಟು

ಕುತ್ತಿಗೆಯ ಬದಿಯಲ್ಲಿ ಗೋಲಿಯಷ್ಟು ಗಂಟು. ನೋವಿಲ್ಲ, ಕರಗುವುದೂ ಇಲ್ಲ. ಡೊಂಬಿವಲಿಯಿಂದ ಠಾಣೆ ಊರಿನ ಆಫೀಸಿಗೆ ಹೋಗುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಗೆಳತಿಯರಿಗೆ ತೋರಿಸಿದೆ. ಒಬ್ಬೊಬ್ಬರೂ ಒತ್ತಿ ನೋಡಿದರು. "ಟಾನ್ಸಿಲ್" ಅಂದಳು ಒಬ್ಬಳು. "ಥೈರಾಯ್ಡ್" ಅಂದಳು ಇನ್ನೊಬ್ಬಳು. ಆಮೇಲೆ ಎಲ್ಲರಿಗೂ ತಮ್ಮದರ ಮೇಲೆ ಅನುಮಾನ ಬಂತು. ಮುಂಬ್ರಾ ಸ್ಟೇಷನ್ ದಾಟುವಷ್ಟರಲ್ಲಿ ಅರ್ಧ ಡಬ್ಬಿಯ ಹೆಂಗಸರು ಸ್ವಂತ ಕುತ್ತಿಗೆ ತಡವಿಕೊಳ್ಳುತ್ತಿದ್ದರು. ಗಂಟು ಯಾರಿಗೂ ಸಿಗಲಿಲ್ಲ. ಒಬ್ಬಳಿಗೆ ಮಾತ್ರ ಬೆಳಿಗ್ಗೆಯಿಂದ ಹುಡುಕುತ್ತಿದ್ದ ಓಲೆಯ ತಿರುಪು ಬ್ಲೌಸಿನ ಅಂಚಿನಲ್ಲಿ ಸಿಕ್ಕಿತು.

ಸ್ಲೋ, ಫಾಸ್ಟ್

ಬಯಾಪ್ಸಿ ಆಯಿತು. ಲಿಂಫೋಮಾ, ಅಂದರೆ ಒಂದು ಜಾತಿಯ ಕ್ಯಾನ್ಸರ್ ಎಂದರು. ಮಗಳಿಗೆ ಇನ್ನೂ ಹತ್ತನೇ ಕ್ಲಾಸೂ ಮುಗಿದಿಲ್ಲ, ನಾನು ಬದುಕುತ್ತೇನಾ ಅಂತ ಅದೊಂದೇ ಯೋಚನೆ. ಮರಾಠಿ ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು: "ಮೈಯೊಳಗೆ ರಕ್ತನಾಳ ಬಿಟ್ಟು ಇನ್ನೊಂದು ಸಣ್ಣ ನಾಳಗಳ ಜಾಲ ಇದೆ, ರೈಲ್ವೆ ಲೈನ್ ಇದ್ದ ಹಾಗೆ. ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳು ಅದರ ಸ್ಟೇಷನ್‌ಗಳು. ಅಲ್ಲಿ ಕಾವಲಿಗಿರುವ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಬೇಕಾಬಿಟ್ಟಿ ಬೆಳೆದರೆ ಲಿಂಫೋಮಾ. ಕೆಲವು ನಿಧಾನ ಬೆಳೆಯುತ್ತವೆ, ಕೆಲವು ಬೇಗ."

"ನನ್ನದು ಸ್ಲೋನಾ, ಫಾಸ್ಟಾ?"

"ಫಾಸ್ಟ್."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ "ಅಯ್ಯೋ ದೇವರೇ" ಅಂದರು.

"ಹೆದರಬೇಡಿ," ಅಂದರು ಡಾಕ್ಟರಮ್ಮ. "ಇಂಥ ಫಾಸ್ಟ್ ಜಾತಿಯದು ಕೀಮೋಗೆ ಎಷ್ಟೋ ಸಲ ಪೂರ್ತಿ ವಾಸಿಯಾಗುತ್ತದೆ. ಸ್ಲೋ ಆದರೆ ಸಾಮಾನ್ಯವಾಗಿ ವರ್ಷಗಟ್ಟಲೆ ಜೊತೆಗೇ ಇರುತ್ತದೆ."

ನಾನು ಗಂಡನ ಕಡೆ ತಿರುಗಿದೆ. "ಕೇಳಿದಿರಾ? ಮದುವೆಯಾದಾಗಿನಿಂದ ಬಡ್ಕೊಳ್ತಿದ್ದೇನೆ, ಸ್ಲೋ ಲೋಕಲ್ ಹತ್ತಬೇಡಿ, ಫಾಸ್ಟೇ ಹಿಡಿಯಿರಿ ಅಂತ!"

ಎಲ್ಲಿ ಇಳಿಯುತ್ತೀರಿ?

ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಕೀಮೋ. ಹೋಗಿ ನೋಡಿದರೆ ಕುರ್ಚಿಗಳೆಲ್ಲ ಭರ್ತಿ, ಎಲ್ಲರ ಕೈಗೂ ಡ್ರಿಪ್. ನಮ್ಮ ಲೋಕಲ್‌ನಲ್ಲಿ ಒಂದು ಪದ್ಧತಿ ಉಂಟು, ಕೂತವರನ್ನು ಎಲ್ಲಿ ಇಳಿಯುತ್ತೀರಿ ಅಂತ ಕೇಳಿ ಆ ಸೀಟು ಹಿಡಿದಿಡುವುದು. ಅಭ್ಯಾಸಬಲ ನೋಡಿ, ಎದುರಿನ ಕುರ್ಚಿಯಲ್ಲಿದ್ದ, ನಮ್ಮದೇ ಲೈನಿನ ಅಂಬರನಾಥದ ಹೆಂಗಸನ್ನು ಅದನ್ನೇ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಕೆ ತಲೆಯೆತ್ತಿ ಬಾಟಲಿ ನೋಡಿದರು. "ಬಾಟಲಿ ಈಗ ದಿವಾ ಸ್ಟೇಷನ್ ದಾಟಿತು. ಠಾಣೆಯಲ್ಲಿ ಇಳಿಯುತ್ತೇನೆ, ಸೀಟು ನಿಮ್ಮದೇ."

ಹಿಂದೆ ನಿಂತಿದ್ದವರೊಬ್ಬರು ತಕ್ಷಣ ನನ್ನ ಭುಜ ಮುಟ್ಟಿ, "ನಿಮ್ಮ ನಂತರ ನಾನು" ಅಂದರು.

ಹರಕೆ

ಕೀಮೋ ಎಲ್ಲ ಮುಗಿದು ಕೊನೆಯ ಸ್ಕ್ಯಾನ್ ಬಂತು. ಎಲ್ಲಿಯೂ ಏನೂ ಇಲ್ಲ! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಮನೆಗೆ ಬಂದರೆ ನಮ್ಮ ಅತ್ತೆ ಬಂಗುಡೆ ಮೀನು ಹುರಿದಿಟ್ಟಿದ್ದರು. ಎಷ್ಟು ತಿಂಗಳಾಗಿತ್ತು ಬಾಯಿಗೆ ರುಚಿ ಹತ್ತದೆ! ಕೈ ಹಾಕಿದೆ, ಅತ್ತೆ ತಟ್ಟೆ ಎಳೆದುಕೊಂಡರು.

"ನೀನು ಮುಟ್ಟಬಾರದು. ಗುಣವಾದರೆ ಸೊಸೆ ಒಂದು ವರ್ಷ ಮೀನು ಬಿಡ್ತಾಳೆ ಅಂತ ಹರಕೆ ಹೇಳ್ಕೊಂಡಿದ್ದೇನೆ."

"ಹರಕೆ ನಿಮ್ಮದಲ್ವಾ ಅತ್ತೆ?"

"ಕಾಯಿಲೆ ನಿನ್ನದಲ್ವಾ?"

ಗಂಡ ಮೆಲ್ಲಗೆ ಬಾಯಿಬಿಟ್ಟರು. ನಾನು ವರ್ಷವಿಡೀ ಚಿನ್ನ ಕೊಳ್ಳುವುದಿಲ್ಲ ಅಂತ ಅವರ ಹರಕೆಯಂತೆ. ಮಗಳದ್ದು ಇನ್ನೂ ಚೆಂದ, ಅಮ್ಮ ಅವಳಿಗೆ ಬೈಯುವುದನ್ನೇ ಬಿಡುತ್ತಾಳಂತೆ! ಬದುಕಿ ಬಂದವಳು ನಾನು, ದೇವರ ಮುಂದೆ ಹೋಗಿ ನನ್ನನ್ನೇ ಒತ್ತೆಯಿಟ್ಟು ಬಂದವರು ಇವರು. ಸಿಟ್ಟೂ ಬಂತು, ಈ ಮೂರು ಮುಖ ನೋಡಲಿಕ್ಕೆ ಉಳಿದೆನಲ್ಲ ಅಂತ ಕಣ್ಣೂ ತುಂಬಿತು.

ಕಣ್ಣೊರೆಸಿಕೊಂಡು ಅತ್ತೆಯ ಪಕ್ಕ ಕೂತೆ. "ಅತ್ತೆ, ಬರುವ ವಾರ ನಿಮ್ಮ ಕಣ್ಣಿನ ಪೊರೆಯ ಆಪರೇಷನ್ ಅಲ್ವಾ?"

"ಹೌದು, ಯಾಕೆ?"

"ಏನಿಲ್ಲ. ಸರಿಯಾಗಿ ಆಗ್ಲಿ ಅಂತ ನಾನೂ ಒಂದು ಹರಕೆ ಹೇಳ್ಕೊಂಡಿದ್ದೇನೆ."

ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ತಟ್ಟೆಯ ಬಂಗುಡೆ ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ದೂಡಿ, "ದೇವರು ನಮ್ಮವರೇ ಅಲ್ವಾ, ನಾನು ಮಾತಾಡ್ತೇನೆ, ನೀನು ತಿನ್ನು" ಅಂದರು.