ಶೆಡ್ಡಿಗೆ ಹಿಡಿಸುವ ವಿಮಾನ

"ಈ ವರ್ಷ ನಾನು ಹಾರೇ ಹಾರ್ತೀನಿ, ನೋಡ್ತಾ ಇರು" ಎಂದು ಲಿಫ್ಟಪ್ಪ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದಾಗ ಅವನ ಹೆಂಡತಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಪಾಳಿಗೆ ಹೊತ್ತಾಗಿತ್ತು. "ಹಾರಿ, ಯಾರು ಬೇಡ ಅಂದ್ರು. ಹಾರೋ ಮುಂಚೆ ಗ್ಯಾಸ್ ಆಫ್ ಮಾಡಿ" ಎಂದು ಹೇಳಿ ಹೊರಟೇ ಹೋದಳು.

ಲಿಫ್ಟಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವುದೇ ಅವನ ಕಸುಬು. ಲೋಕವನ್ನೆಲ್ಲ ಮೇಲಕ್ಕೇರಿಸುವ ಈ ಮಹಾಶಯನ ದಿನಗಳು ಮಾತ್ರ ಲಿಫ್ಟಿನ ಕೆಳಗಿನ ಕತ್ತಲೆಯ ಗುಂಡಿಯಲ್ಲಿ, ಗ್ರೀಸಿನ ವಾಸನೆಯಲ್ಲಿ ಕಳೆಯುತ್ತಿದ್ದವು. ಅತಿ ಎತ್ತರದ ಕಟ್ಟಡವೊಂದರ ಮೋಟಾರು ಕೋಣೆಯಲ್ಲಿ ಒಂದು ಪುಟ್ಟ ಕಿಟಕಿ ಇತ್ತು. ಒಂದು ದಿನ ಸ್ಪ್ಯಾನರ್ ಹಿಡಿದು ಅಲ್ಲಿ ಬಗ್ಗಿದ್ದಾಗ ಬಿಳಿಯ ಪುಟಾಣಿ ವಿಮಾನವೊಂದು ಯಾವ ಗಡಿಬಿಡಿಯೂ ಇಲ್ಲದೆ ಆ ಕಿಟಕಿಯನ್ನು ದಾಟಿ ಹೋಯಿತು. ಒಳಗೆ ಕೂತವನ ಟೋಪಿ ಕೂಡ ಕಂಡಿತಂತೆ. ಅಂದಿನಿಂದ ಲಿಫ್ಟಪ್ಪನಿಗೆ ಊಟ ರುಚಿಸಲಿಲ್ಲ. ಸುಳ್ಳು, ರುಚಿಸಿತು, ಆದರೆ ಗಮನ ಊಟದ ಮೇಲೆ ಇರಲಿಲ್ಲ. ಆಕಾಶ ನೋಡಿದರೆ ಸಾಕು, ಸ್ಪ್ಯಾನರ್ ಹಿಡಿದ ಕೈ ಕೆಲಸ ಮರೆಯುತ್ತಿತ್ತು.

ವಿಮಾನ ನಡೆಸಲು ಕಲಿಯಬೇಕಲ್ಲವೇ ಎಂದು ನೀವು ಕೇಳಬಹುದು. ಅವನ ಹೆಂಡತಿಯೂ ಕೇಳಿದಳು. ಮೊದಲು ವಿಮಾನ ಯಾವುದೆಂದು ತೀರ್ಮಾನವಾಗಲಿ, ಕಲಿಯುವುದೇನು ಮಹಾ ಎಂದುಬಿಟ್ಟ. ಆಗ ಅವಳು ಹಾಕಿದ್ದು ಒಂದೇ ಷರತ್ತು. "ತರೋದಾದ್ರೆ ನಮ್ಮ ಶೆಡ್ಡಲ್ಲಿ ನಿಲ್ಲೋ ಅಂಥದ್ದು ತನ್ನಿ. ದೂರದ ಮೈದಾನದಲ್ಲಿ ಬಾಡಿಗೆ ಶೆಡ್ಡು ಹಿಡಿದು ಇಡೋದಾದ್ರೆ, ಅದರ ಜೊತೆ ನೀವೂ ಅಲ್ಲೇ ಇದ್ದುಬಿಡಿ."

ಅಂದರೆ, ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದೊಯ್ಯುವಂಥ ವಿಮಾನ ಬೇಕು. ಲಿಫ್ಟಪ್ಪ ಹುಡುಕಾಟಕ್ಕೆ ಇಳಿದ. ಮೂರು ಗಾಲಿಯ ಮೇಲೆ ಬಟ್ಟೆಯ ರೆಕ್ಕೆ ಹೊತ್ತದ್ದು ಒಂದಿತ್ತು. ಕೊಡೆಯಂತೆ ಮಡಚಿ ಸುತ್ತಿಡಬಹುದು. ಆದರೆ ನಾಲ್ಕೂ ಕಡೆ ಬಯಲು, ಕೂತವನ ಕಾಲು ಗಾಳಿಯಲ್ಲಿ. ನೆಗಡಿಯ ಪ್ರಕೃತಿಯವನಿಗೆ ಅದು ಒಗ್ಗದು ಎಂದು ಬಿಟ್ಟ. ಇನ್ನೊಂದಕ್ಕೆ ರೆಕ್ಕೆ ಬಿಚ್ಚಿ ಜೋಡಿಸಲು ಇಬ್ಬರು ಬೇಕು. ಎರಡನೆಯವಳು ಯಾರೆಂದು ಗೊತ್ತಿದ್ದುದರಿಂದ ಆ ಮಾತೇ ಎತ್ತಲಿಲ್ಲ. ಕೊನೆಗೆ ಅವನ ಮನಸ್ಸು ಕದ್ದದ್ದು, ಕೂತ ಹಕ್ಕಿಯ ಹಾಗೆ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಬಾಲದ ಪಕ್ಕ ಇಟ್ಟುಕೊಳ್ಳುವ ಒಂದು ಹಳದಿ ವಿಮಾನ. ಒಬ್ಬನೇ ಮಡಚಬಹುದು, ಒಬ್ಬನೇ ಬಿಡಿಸಬಹುದು. ಮಾರುವವನು ಭಾನುವಾರದವರೆಗೆ ಕಾಯುತ್ತೇನೆಂದ. ಆ ಹಳದಿ ಬಣ್ಣ ನೆನೆದು ಲಿಫ್ಟಪ್ಪ ಲಿಫ್ಟಿನ ಗುಂಡಿಯೊಳಗೆ ನಿಂತು ಒಬ್ಬನೇ ನಗುತ್ತಿದ್ದ.

ಅಳತೆಯ ವಿಷಯದಲ್ಲಿ ಅವನನ್ನು ಮೀರಿಸುವವರಿಲ್ಲ. ಬೆರಳಗಲದ ಸಂದಿ ತಪ್ಪಿದರೆ ಲಿಫ್ಟು ಗೋಡೆಗೆ ಉಜ್ಜುತ್ತದೆ, ಅದು ಅವನ ರಕ್ತದಲ್ಲೇ ಇದೆ. ಶೆಡ್ಡಿನ ಉದ್ದ ಅಳೆದ, ಗೇಟು ಅಳೆದ, ಮನೆಯ ಮುಂದಿನ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆದ. ಮಡಚಿದ ವಿಮಾನ ಸಾಗಿದರೆ ಎರಡೂ ಬದಿಗೆ ನಾಲ್ಕು ಬೆರಳು ಜಾಗ ಮಿಗುತ್ತಿತ್ತು. "ನಾಲ್ಕು ಬೆರಳು! ನಮ್ಮ ಕಸುಬಲ್ಲಿ ಇದು ಹೆದ್ದಾರಿ ಕಣೇ" ಎಂದು ಹೆಂಡತಿಗೆ ಹೇಳಿದ. ಅವಳು ಏನೋ ಹೇಳಲು ಬಾಯಿ ತೆರೆದು, ಆಕಳಿಸಿ ಮಲಗಿದಳು.

ಆದರೂ ಒಂದು ತಾಲೀಮು ಇರಲಿ ಎನಿಸಿತು. ಶನಿವಾರ ಮಧ್ಯಾಹ್ನ ಗೆಳೆಯನ ಟ್ರೇಲರ್ ತಂದು, ಅದರ ಮೇಲೆ ಪ್ಲಾಸ್ಟಿಕ್ ಪೈಪುಗಳಿಂದ ವಿಮಾನದಷ್ಟೇ ಉದ್ದ, ಅಷ್ಟೇ ಅಗಲದ ಹಂದರ ಕಟ್ಟಿದ. ಮನೆಯ ಹೊದಿಕೆಗಳನ್ನೆಲ್ಲ ಹೊದಿಸಿದ. ಪೈಲಟ್ ಕೂರುವ ಕಡೆ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲನ್ನು ಬಿಗಿದು ಕಟ್ಟಿದ. ಹೆಂಡತಿ ಪಾಳಿ ಮುಗಿಸಿ ಬರುವುದರೊಳಗೆ ಬೀದಿ ಸುತ್ತಿ ತಂದು ಶೆಡ್ಡಿಗೆ ಸೇರಿಸಿ ಬೀಗಬೇಕೆಂದು ಕಾರು ಹೊರಡಿಸಿದ.

ಓಣಿಯಲ್ಲಿ ಸಾಗಿದ್ದು ರಾಜಮೆರವಣಿಗೆಯೇ ಸರಿ. ಎರಡೂ ಬದಿಗೆ ನಾಲ್ಕು ನಾಲ್ಕು ಬೆರಳು, ಒಂದು ಕೂದಲೆಳೆ ಹೆಚ್ಚಿಲ್ಲ ಕಡಿಮೆ ಇಲ್ಲ. ಜನ ಬಾಗಿಲಿಗೆ ಬಂದು ಕಣ್ಣು ಬಾಯಿ ಬಿಟ್ಟು ನೋಡಿದರು. ಲಿಫ್ಟಪ್ಪ ಕಿಟಕಿಯಿಂದ ಕೈ ಬೀಸಿದ. ಹಾಗೇ ಓಣಿಯ ತಿರುವು ಬಂತು.

ಇಲ್ಲೊಂದು ಮಾತು ಹೇಳಲೇಬೇಕು. ಲಿಫ್ಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಇಷ್ಟು ವರ್ಷದ ಅನುಭವದಲ್ಲಿ ಒಂದು ಲಿಫ್ಟೂ ಮೂಲೆ ತಿರುಗಿದ್ದನ್ನು ಅವನು ಕಂಡಿರಲಿಲ್ಲ. ಓಣಿಯ ಅಗಲ ಅಳೆದಿದ್ದ, ತಿರುವನ್ನು ಅಳೆಯಬೇಕೆಂದು ತಲೆಗೇ ಹೊಳೆದಿರಲಿಲ್ಲ. ಕಾರು ತಿರುಗಿತು. ವಿಮಾನದ ಮೂತಿ ಔಷಧಿ ಅಂಗಡಿಯ ಕಟ್ಟೆಗೆ ಒರಗಿತು. ಬಾಲ ಕ್ಷೌರದಂಗಡಿಯ ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ, ಅರ್ಧ ಕೆನ್ನೆ ಬೋಳಿಸಿಕೊಂಡು ಕೂತಿದ್ದವನ ಕಿವಿಯ ಬಳಿ ನಿಂತಿತು.

ಕ್ಷೌರಿಕ ಕತ್ತಿ ಹಿಡಿದೇ ಹೊರಗೆ ಬರಲು ನೋಡಿದ, ಆಗಲಿಲ್ಲ, ಬಾಗಿಲ ತುಂಬ ವಿಮಾನ. ಒಳಗಿನಿಂದಲೇ ಕೇಳಿದ: "ಇದು ಏನು ಸ್ವಾಮಿ?" ವಿಮಾನ ಎಂದ ಲಿಫ್ಟಪ್ಪ. ಇದಕ್ಕೂ ಕ್ಷೌರ ಮಾಡಬೇಕಾ ಎಂದ ಅವನು. ಲಿಫ್ಟಪ್ಪ ರಿವರ್ಸ್ ಹಾಕಿದ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಯಿತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಔಷಧಿ ಅಂಗಡಿಯ ಬೋರ್ಡು ಕಳಚಿ ಬಿತ್ತು. ಹಿಂದೆ ತರಕಾರಿ ಗಾಡಿ, ಮುಂದೆ ಎರಡು ಆಟೋ. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು, ಪ್ರತಿ ಸಲಹೆಗೂ ವಿಮಾನ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಂಡಿತು. ಲಿಫ್ಟಪ್ಪನ ಬೆನ್ನು ಬೆವರಿ ತೊಪ್ಪೆಯಾಯಿತು. ಮಾನ ಹೋದರೆ ಹೋಗಲಿ, ನಾಳೆ ಆ ಹಳದಿ ವಿಮಾನ ಬೇರೆ ಯಾರದೋ ಪಾಲಾಗುತ್ತದಲ್ಲ ಎಂದು ಅವನಿಗೆ ನಿಜಕ್ಕೂ ಅಳು ಬಂತು.

ಅಷ್ಟು ಹೊತ್ತಿಗೆ ಖಾಕಿ ಅಂಗಿಯಲ್ಲಿ ಹೆಂಡತಿ ನಡೆದು ಬಂದಳು. ತನ್ನ ಮನೆಯ ಹೊದಿಕೆಗಳನ್ನು ಗುರುತು ಹಿಡಿದಳು. ಗಂಡನನ್ನೂ ಗುರುತು ಹಿಡಿದಳು. "ಇಳೀರಿ" ಎಂದಳು, ಅಷ್ಟೇ.

ಅವನು ಇಳಿದ. ಅವಳು ಕನ್ನಡಿ ಸರಿಮಾಡಿಕೊಂಡು, ತರಕಾರಿ ಗಾಡಿಯನ್ನು ಓಣಿಯ ಆಚೆಗೆ ಕಳಿಸಿ, ಯಾರ ಸಲಹೆಯನ್ನೂ ಕೇಳದೆ, ಮೆಲ್ಲಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಚಕ್ರ ತಿರುಗಿಸಿದಳು. ಬಾಲ ಕ್ಷೌರದಂಗಡಿಯಿಂದ ಮರ್ಯಾದೆಯಾಗಿ ಹೊರಬಂತು. ಓಣಿಯುದ್ದಕ್ಕೂ ಹಿಂದು ಹಿಂದಕ್ಕೇ ಬಿಟ್ಟುಕೊಂಡು ಹೋಗಿ, ಗೇಟು ದಾಟಿಸಿ, ಶೆಡ್ಡಿನೊಳಗೆ ನಿಲ್ಲಿಸಿದಳು. ಲಿಫ್ಟಪ್ಪ ಔಷಧಿ ಅಂಗಡಿಯ ಬೋರ್ಡು ತೂಗುಹಾಕಿ, ಎಲ್ಲರ ಕ್ಷಮೆ ಕೇಳಿ, ಇಂಗು ತಿಂದ ಮಂಗನಂತೆ ಮನೆಗೆ ಬಂದ.

ಬೈಗುಳ ಕಾದಿದೆ ಎಂದುಕೊಂಡಿದ್ದ. ಶೆಡ್ಡಿನಲ್ಲಿ ನೋಡಿದರೆ ಅವಳು ಹೊದಿಕೆ ಸರಿಸಿ ಹಂದರದೊಳಗೆ ಹತ್ತಿ, ಸ್ಟೂಲಿನ ಮೇಲೆ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ಎದುರಿಗಿದ್ದದ್ದು ಸುಣ್ಣ ಬಿಟ್ಟ ಗೋಡೆ, ಆದರೆ ಅವಳು ಅದರಾಚೆ ಎಲ್ಲೋ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ಕಾಲವಾದರೂ ಆ ಮುಖವನ್ನು ಅವನು ಕಂಡಿರಲಿಲ್ಲ.

"ಇದಕ್ಕೆ ಎಷ್ಟು ಸೀಟು?" ಎಂದು ಕೇಳಿದಳು.

"ಒಂದೇ ಕಣೇ" ಎಂದ. ಅಳೆದದ್ದೆಲ್ಲ ಅಳೆದಿದ್ದ, ಇದೊಂದು ಮಾತು ಇವಳನ್ನು ಕೇಳಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ.

"ದಿನಾ ಅದೇ ರೂಟು" ಎಂದಳು ಅವಳು, ಗೋಡೆಗೇ ಹೇಳುವಂತೆ. "ಅದೇ ಸ್ಟಾಪು. ಸೇತುವೆ ಹತ್ತಿರ ಬಂದಾಗೆಲ್ಲ ಅನ್ನಿಸುತ್ತೆ, ಇಲ್ಲಿ ತಿರುಗಿಸದೆ ನೇರ ಹೋಗಿಬಿಟ್ರೆ ಹೇಗಿರುತ್ತೆ ಅಂತ. ನಿಮಗೊಬ್ಬರಿಗೇ ಆಸೆ ಇರೋದು ಅಂದ್ಕೊಂಡ್ರಾ?"

ಲಿಫ್ಟಪ್ಪ ಕರಗಿ ನೀರಾದ. ತಪ್ಪಾಯಿತು, ನಾಳೆಯೇ ಹಳದಿಯದು ಬೇಡ ಎಂದು ಹೇಳುತ್ತೇನೆ, ಎರಡು ಸೀಟಿನದೇ ನೋಡೋಣ, ಶೆಡ್ಡಿನ ಹಿಂದಿನ ಗೋಡೆ ಒಡೆದರೆ ಹಿಡಿಸೀತು, ನಾವಿಬ್ಬರೂ ಜೊತೆಗೇ ಹಾರೋಣ ಎಂದು ಹೇಳಿದ. ಹೇಳುತ್ತ ಹೇಳುತ್ತ ತನ್ನ ಔದಾರ್ಯಕ್ಕೆ ತಾನೇ ಕಣ್ಣು ಒರೆಸಿಕೊಂಡ.

ಅವಳು ಗಾಬರಿಯಿಂದ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಯ್ಯೋ, ಬೇಡ. ಒಂದೇ ಇರಲಿ. ಇಷ್ಟು ವರ್ಷ ಹಿಂದೆ ಜನ ಕೂರಿಸಿಕೊಂಡು ಓಡಿಸಿದ್ದು ಸಾಕಾಗಿದೆ. ಕಲಿಯೋಕೆ ನಾಳೆನೇ ಸೇರ್ತೀನಿ. ನಾನು ಮೊದಲು ಹೋಗಿ ಬರ್ತೀನಿ, ನೀವು ಟ್ರೇಲರ್ ಹತ್ತಿರ ಇರಿ."