ಎರಡು ವಾರ ಹೀಟರ್ ಹಾಕಬಾರದು

ಪೊಟ್ಟಣದ ಮೇಲಿನ ಸೂಚನೆಗಳನ್ನು ಕೊನೆಯ ಸಾಲಿನವರೆಗೂ ಓದುವ ಜನ ಲೋಕದಲ್ಲಿ ಬಹಳ ಕಡಿಮೆ. ದುರದೃಷ್ಟಕ್ಕೆ ನಾನು ಅವರಲ್ಲೊಬ್ಬ. ತಲೆನೋವಿನ ಮಾತ್ರೆಯ ಜೊತೆ ಬರುವ ಕಾಗದವನ್ನು ಓದಿ ಮುಗಿಸುವಷ್ಟರಲ್ಲಿ ತಲೆನೋವು ತಾನಾಗಿ ಬಿಟ್ಟುಹೋಗಿ, ಅದರಲ್ಲಿ ಬರೆದ ಬೇರೆ ಕಾಯಿಲೆಗಳು ಶುರುವಾಗಿರುತ್ತವೆ. ಅಬುಧಾಬಿಯಲ್ಲಿ ವಿಲ್ಲಾಗಳ ಬಾತ್‌ರೂಮ್ ಕಟ್ಟುವ ಕಂಪನಿಯ ಸೂಪರ್‌ವೈಸರನಿಗೆ ಈ ಗುಣ ಭೂಷಣವೇ. ಗಂಡನಾದವನಿಗೆ ಅಲ್ಲ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ನನ್ನ ಹೆಂಡತಿ ಸುಮತಿ ಉಡುಪಿಯಲ್ಲಿ ಹೈಸ್ಕೂಲ್ ಟೀಚರ್. ದಸರಾ ರಜೆಯ ಎರಡು ವಾರ ಮಾತ್ರ ನನ್ನಲ್ಲಿಗೆ ಬರುತ್ತಾಳೆ. ಅವಳು ಹೋದ ಮೇಲೆ ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟಿನಲ್ಲಿ ನಾನು ಇಬ್ಬರಿಗಾಗುವಷ್ಟು ಅನ್ನ ಮಾಡಿ, ಮರುದಿನವೂ ಅದನ್ನೇ ತಿನ್ನುತ್ತೇನೆ. ಅಳತೆ ಗೊತ್ತಿಲ್ಲವೆಂದಲ್ಲ, ಒಬ್ಬನಿಗೆಂದು ಅಕ್ಕಿ ತೊಳೆಯಲು ಮನಸ್ಸು ಬರುವುದಿಲ್ಲ. ನಮ್ಮ ಫ್ಲ್ಯಾಟಿನ ಸರಿ ಕೆಳಗೆ ಸೂಪರ್‌ಮಾರ್ಕೆಟಿನ ಕೋಲ್ಡ್ ಸ್ಟೋರೇಜ್ ಇದೆ. ಹೊರಗೆ ರಸ್ತೆ ಕಾದ ಕಾವಲಿಯಾಗಿದ್ದರೂ ಒಳಗೆ ನೆಲ ಕೊರೆಯುತ್ತದೆ. ಸುಮತಿ ಮನೆಯೊಳಗೆ ಚಪ್ಪಲಿ ಮೆಟ್ಟುವವಳಲ್ಲ. ಒಮ್ಮೆ ಸಾಕ್ಸ್ ಹಾಕಿಕೊಂಡು ಅಡುಗೆಮನೆಯಲ್ಲಿ ಜಾರಿ, ಸಾರಿನ ಪಾತ್ರೆಯ ಸಮೇತ ಕೂತುಬಿಟ್ಟಳು. ಕಳೆದ ಸಲ ಹೊರಡುವಾಗ, "ಈ ನೆಲ ಒಂದು ಬೆಚ್ಚಗಿದ್ರೆ ಒಂದು ವರ್ಷ ಸಂಬಳ ಇಲ್ಲದ ರಜೆ ಹಾಕಿ ಇಲ್ಲೇ ಇರ್ತಿದ್ದೆ ಮಾರಾಯ್ರೆ" ಅಂದಳು. ಮಾತಿಗೆ ಅಂದಳೋ ಏನೋ. ನಾನು ಅದನ್ನೂ ಸೂಚನೆಯೆಂದೇ ಓದಿಕೊಂಡೆ.

ಫ್ಲ್ಯಾಟಿನ ಮಾಲೀಕರನ್ನು ಕಾಡಿ ಒಪ್ಪಿಗೆ ಪಡೆದು, ಹಳೆಯ ನೆಲದ ಮೇಲೆಯೇ ಹೀಟಿಂಗ್ ಬೋರ್ಡ್ ಹಾಸಿ ಟೈಲ್ಸ್ ಕೂರಿಸುವುದೆಂದು ನಿಶ್ಚಯಿಸಿದೆ. ಮರಳುಗಾಡಿನಲ್ಲಿ ನೆಲ ಬಿಸಿಮಾಡುವವನ ಮುಖವನ್ನು ನೋಡಲೆಂದೇ ಕಟ್ಟಡದ ವಾಚ್‌ಮನ್ ಎರಡು ಸಲ ಮೇಲೆ ಬಂದುಹೋದ. ಕೆಲಸಕ್ಕೆ ಬಂದವರು ಕಾಸರಗೋಡಿನ ಟೈಲ್ಸ್ ಮೇಸ್ತ್ರಿ ಹಮೀದ್. ಜಿಡ್ಡು ಹೋಗಬೇಕೆಂದು ನಾನು ಮೂರನೇ ಸಲ ನೆಲ ತಿಕ್ಕಿಸಿದಾಗ ಅವರು, "ಖಲಾಸ್ ಸಾರ್, ಇನ್ನು ತಿಕ್ಕಿದ್ರೆ ಕೆಳಗಿನ ಅಂಗಡಿ ಕಾಣ್ತದೆ" ಅಂದರು. ಬೋರ್ಡುಗಳನ್ನು ಅಂಟಿಸಿ, ಸಂದುಗಳಿಗೆ ಟೇಪ್ ಹಚ್ಚಿ, ಬೋರ್ಡಿನ ಮೇಲೆ ಕೊರೆದ ಸಾಲುಗಳಲ್ಲಿ ಹೀಟರಿನ ವೈರ್ ಕೂರಿಸಿದ್ದಾಯಿತು. ವೈರನ್ನು ನಾನು ಮೀಟರ್ ಹಿಡಿದು ಎಷ್ಟು ಸಲ ಪರೀಕ್ಷಿಸಿದೆನೆಂದರೆ ಹಮೀದ್ ಆ ಹೊತ್ತಿನಲ್ಲಿ ಹೋಗಿ ನಮಾಜು ಮುಗಿಸಿ ಬಂದರು. ಟೈಲ್ಸ್ ಕೂತ ಮೇಲೆ ತಟ್ಟಿ ನೋಡಿದೆ. ಮೂರು ಕಡೆ ಟೊಳ್ಳು ಸದ್ದು ಬಂತು, ಕೀಳಿಸಿದೆ. ಹೀಗೆ ಕೈಯಲ್ಲಿದ್ದ ಒಂದು ತಿಂಗಳನ್ನು ನನ್ನ ಅಚ್ಚುಕಟ್ಟುತನವೇ ತಿಂದುಹಾಕಿ, ಕೆಲಸ ಮುಗಿದದ್ದು ಒಂದು ಶುಕ್ರವಾರ ಸಂಜೆ. ಸುಮತಿಯ ವಿಮಾನ ಶನಿವಾರ ಬೆಳಿಗ್ಗೆ. ಅಂಟಿನ ಪೊಟ್ಟಣದ ಕೊನೆಯ ಸಾಲು: ಪೂರ್ತಿ ಒಣಗುವವರೆಗೆ, ಅಂದರೆ ಎರಡು ವಾರ, ಹೀಟರ್ ಹಾಕಬಾರದು.

ಅವಳು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ ಟೈಲ್ಸ್ ಮೇಲೆ ಕಾಲಿಟ್ಟು, ತಟ್ಟನೆ ಹಿಂತೆಗೆದಳು. "ಇದೆಂತ, ಮೊದಲಿಗಿಂತ ತಂಡಿ ಉಂಟಲ್ಲ!" ನಾನು ಪೊಟ್ಟಣ ತೋರಿಸಿದೆ. ದಿನಾ ಬೆಳಿಗ್ಗೆ ಮಂಚದ ಮೇಲಿಂದಲೇ "ಇವತ್ತು ಹಾಕುವನಾ?" ಎಂದು ಕೇಳುತ್ತಿದ್ದಳು. ನಾನು ಉಳಿದ ದಿನ ಎಣಿಸಿ ಹೇಳುತ್ತಿದ್ದೆ. ಹೊರಡುವ ಹಿಂದಿನ ದಿನ ಸ್ವಿಚ್ಚಿನ ಪಕ್ಕವೇ ನಿಂತಳು.

"ಒಂದೇ ಒಂದು ದಿನ ಮೊದಲು ಹಾಕಿದ್ರೆ ಭೂಮಿ ಬಿರುಕು ಬಿಡ್ತದಾ?"

"ಭೂಮಿ ಅಲ್ಲ, ಟೈಲ್ಸ್ ಬಿಡ್ತದೆ."

ಅವಳು ಹೋಗಿ ಸೂಟ್‌ಕೇಸ್ ತುಂಬತೊಡಗಿದಳು. ಶುಕ್ರವಾರ ಮಧ್ಯಾಹ್ನ ಹೊರಟುಹೋದಳು.

ಏರ್‌ಪೋರ್ಟಿನಿಂದ ಬಂದಾಗ ಸಂಜೆಯಾಗಿತ್ತು, ಎರಡು ವಾರ ತುಂಬಿತ್ತು. ಸ್ವಿಚ್ ಹಾಕಿದೆ. ಅರ್ಧ ಗಂಟೆಯಲ್ಲಿ ನೆಲ ಹಿತವಾಗಿ ಬೆಚ್ಚಗಾಯಿತು. ಒಂದು ಟೈಲ್ಸೂ ಅಲುಗಲಿಲ್ಲ. ಅವಳ ಕಾಲಿಗೆಂದು ಕಾಯಿಸಿದ ನೆಲದ ಮೇಲೆ ಒಬ್ಬನೇ ನಿಲ್ಲುವುದು ಎಷ್ಟು ಕಷ್ಟವೆಂದು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ. ಮರುದಿನ ಫೋನ್ ಮಾಡಿ, "ಬೆಚ್ಚಗಾಯ್ತು ಮಾರಾಯ್ತಿ. ರಜೆಗೆ ಅರ್ಜಿ ಬರೀತೀಯಾ?" ಎಂದು ಕೇಳಿದೆ.

"ಬರ್ದಾಯ್ತು" ಅಂದಳು. ನಾನು ಆಗಲೇ ಕ್ಯಾಲೆಂಡರ್ ಕೈಗೆತ್ತಿಕೊಂಡೆ. "ಆದ್ರೆ ಸಹಿ ಒಣಗ್ಬೇಕಲ್ಲ? ಎರಡು ವಾರ ಮುಟ್ಲಿಕ್ಕಿಲ್ಲ."

ಅದಾಗಿ ಎರಡು ದಸರಾ ಕಳೆದಿವೆ. ಪ್ರತಿ ಸಲ ಬಂದು, ಆ ನೆಲದ ಮೇಲೆ ಕಾಲು ಚಾಚಿ ಕೂತು ಚಾ ಕುಡಿದು, ರಜೆ ಮುಗಿದ ದಿನ ಎದ್ದು ಹೋಗುತ್ತಾಳೆ. ಅರ್ಜಿ ಏನಾಯಿತೆಂದು ಕೇಳಿದರೆ "ಇನ್ನೂ ಹಸಿ ಉಂಟು" ಅನ್ನುತ್ತಾಳೆ. ನಾನು ಎದುರಾಡುವುದಿಲ್ಲ. ಅಷ್ಟು ಕಟ್ಟುನಿಟ್ಟನ್ನು ಅವಳಿಗೆ ಕಲಿಸಿದವನು ನಾನೇ.