ಚಿಕ್ಕತಾತನ ಡಿಜಿಟಲ್ ಅಚ್ಚು

ಮಕ್ಕಳೇ, ನಿಮ್ಮ ಚಿಕ್ಕತಾತ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ ಎಂದು ನೀವೆಲ್ಲ ಸೇರಿ ನಗುತ್ತೀರಿ. ಅದು ತಪ್ಪು. ಅವರು ಇಬ್ಬರನ್ನು ನಂಬುತ್ತಾರೆ. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಂದು ನಮ್ಮ ಬಾಗಿಲಿನ ಹಿತ್ತಾಳೆ ಬೀಗ. ಅದನ್ನೂ ಹಾಕಿದ ಮೇಲೆ ಜಗ್ಗಿ ನೋಡದೆ ಹೊಸಿಲು ಬಿಡುವವರಲ್ಲ.

ಚಿಕ್ಕತಾತ ಎಂದರೆ ನಿಮ್ಮ ತಾತನ ಬೆನ್ನಿಗೆ ಹುಟ್ಟಿದ ತಮ್ಮ, ನನ್ನ ಮೈದುನ. ನೀವು ಬಸ್ಸಿಗೆ ಹೊತ್ತಾಯಿತು ಎಂದರೆ, “ಇನ್ನೊಂದು ಸಲ ಹೇಳು” ಅನ್ನುತ್ತಾರೆ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹಾಗೇ ಅನ್ನುತ್ತಾರೇನೋ. ಎರಡನೇ ಸಲ ಕೇಳದ ಮಾತು ಅವರ ಕಿವಿಯೊಳಗೆ ಇಳಿಯುವುದೇ ಇಲ್ಲ. ನನಗೋ, ಒಂದು ಸಲ ಮಾತಾಡುವುದೇ ಕಷ್ಟ. ಊರ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕಲಿತವಳು ನಾನು. ನಾಲ್ಕು ಜನ ಕಂಡರೆ ಸೆರಗು ಹುಡುಕುತ್ತೇನೆ. ಅದಕ್ಕೇ ಇದನ್ನು ಬರೆದು ಕೊಡುತ್ತಿದ್ದೇನೆ.

ಹಿಂದೆ ಅವರು ತುಪ್ಪದ ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ತಮಗೊಬ್ಬರಿಗೇ ಗೊತ್ತಿರುವ ಒಂದು ಗಂಟು ಹಾಕುತ್ತಿದ್ದರು. ಒಂದು ದಿನ ಊಟ ಮುಗಿಸಿ ಕೈ ತೊಳೆದವರೇ ಗಡಿಗೆ ನೋಡಿ ನಿಂತರು.

“ಗಂಟು ಬದಲಾಗೈತೆ.”

ನನ್ನ ವಾರಗಿತ್ತಿ, ಅಂದರೆ ನಿಮ್ಮ ಚಿಕ್ಕಜ್ಜಿ, ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ. “ತುಪ್ಪ ತಗಂಡಿದ್ದು ನಾನೇ, ಬಡ್ಸಿದ್ದು ನಿಮ್ಮ ತಟ್ಟೆಗೇಯ. ತಿನ್ನೋವಾಗ ಗಂಟು ನೆಪ್ಪಾಗ್ಲಿಲ್ವಾ?”

“ಹೇಳಿ ತಗಬೇಕಿತ್ತು.”

“ನಾಳಿಂದ ಉಪ್ಪಿಗೂ ಸಹಿ ಹಾಕುಸ್ಕೊಂಡು ಸಾರಿಗೆ ಹಾಕ್ತೀನಿ ಬುಡಿ.”

ಮಾರನೇ ದಿನ ಆಕೆ ಉಪ್ಪಿನ ಡಬ್ಬಿಗೆ ಒಂದು ಚೀಟಿ ಅಂಟಿಸಿ, ಪೆನ್ನು ಹಿಡಿದು, ಅವರ ಮುಂದೆ ನಿಜವಾಗಿಯೂ ನಿಂತಳು. ನಗಲಿ ಎಂದು ಮಾಡಿದ್ದು. ಚಿಕ್ಕತಾತ ಡಬ್ಬಿಯೊಳಗೆ ಇಣುಕಿ ನೋಡಿ, ಸಹಿ ಹಾಕಿದರು.

ಈ ಬುದ್ಧಿ ಬಂದದ್ದು ಕಣದಿಂದ. ನೀವು ಆ ಕಾಲ ನೋಡಿಲ್ಲ. ರಾಗಿ ತೂರಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ತುಂಬುವ ತನಕ ಅದು ಕಣದಲ್ಲೇ ಇರುತ್ತಿತ್ತು. ಮನೆಯ ಹಿರಿಯ ಗಂಡಸು ಮರದ ಅಚ್ಚಿಗೆ ಬೂದಿ ತುಂಬಿ ರಾಶಿಯ ಸುತ್ತ ಒತ್ತುತ್ತಿದ್ದರು. ಬೂದಿಯ ಗುರುತು ರಾಗಿಯ ಮೇಲೆ ರಂಗೋಲಿಯಂತೆ ನಿಲ್ಲುತ್ತಿತ್ತು. ಯಾರಾದರೂ ಒಂದು ಬೊಗಸೆ ಎತ್ತಿದರೂ ರಾಗಿ ಜಾರಿ ಅಚ್ಚು ಒಡೆಯುತ್ತಿತ್ತು. ಕದ್ದವರು ಯಾರೆಂದು ಅಚ್ಚು ಹೇಳುವುದಿಲ್ಲ, ಕೈ ಬಿದ್ದಿದೆ ಎಂದು ಮಾತ್ರ ಹೇಳುತ್ತದೆ. ನಮ್ಮ ಮಾವನವರ ನಂತರ ಆ ಅಚ್ಚು ನಿಮ್ಮ ತಾತನ ಕೈಗೆ ಬಂತು. ತಮ್ಮನಿಗೆ ಕಾವಲು. ಅಣ್ಣ ಇರುವಾಗ ತಮ್ಮ ಅಚ್ಚು ಮುಟ್ಟುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಒಂದು ಬೆಳಗ್ಗೆ ಅಚ್ಚು ಒಡೆದಿತ್ತು. ಚಿಕ್ಕತಾತ ಮನೆಮಂದಿಯನ್ನೆಲ್ಲ ವಿಚಾರಿಸಿ, ಕೊನೆಗೆ ಕೋಳಿಗಳನ್ನು ಒಂದೊಂದಾಗಿ ಹಿಡಿದು ಕಾಲಿನಲ್ಲಿ ಬೂದಿ ಇದೆಯೇ ಎಂದು ನೋಡಿದರು. ಒಂದರ ಕಾಲಲ್ಲಿ ಇತ್ತು. ಅದು ನಿಮ್ಮ ತಾತ ಕೈಯಾರೆ ಕಾಳು ಹಾಕಿ ಸಾಕಿದ ಹುಂಜ. ಚಿಕ್ಕತಾತ ಅದನ್ನು ಹಿಡಿದುಕೊಂಡು ತುಂಬಾ ಹೊತ್ತು ನಿಂತು, ಮೆಲ್ಲಗೆ ಕೆಳಗಿಟ್ಟರು. “ಅಣ್ಣಯ್ಯನ ಕೋಳಿ. ಬುಟ್ಟಿದೀನಿ ಹೋಗ್ಲಾ” ಎಂದರು, ಕೋಳಿಗೆ.

ನಿಮ್ಮ ತಾತ ಹೋದ ಮೇಲೆ ಕಣವೂ ಹೋಯಿತು. ರಸ್ತೆಯ ಮೇಲೆ ಹಾಸಿ ಮಿಷನ್ನಿಗೆ ಕೊಡುವ ಕಾಲ ಬಂತು. ನಾನು ಕೊರಟಗೆರೆಯಲ್ಲಿ ಹುಣಸೆಹಣ್ಣಿನ ಸಂಘದ ಶೆಡ್ಡಿಗೆ ಹಣ್ಣು ಕುಟ್ಟಿ ಬೀಜ ತೆಗೆಯಲು ಸೇರಿದೆ. ಚಿಕ್ಕತಾತ ಅದೇ ಸಂಘದ ಮಧುಗಿರಿ ಕಚೇರಿಯಲ್ಲಿ ಗುಮಾಸ್ತರು. ಸೇರುವಾಗ ಅರ್ಜಿಯಲ್ಲಿ ಗಂಡನ ಹೆಸರು ಕೇಳಿದರು. ಗಂಡನ ಹೆಸರು ಬಾಯಲ್ಲಿ ಹೇಳಿ ಬೆಳೆದವಳಲ್ಲ ನಾನು. ರೇಷನ್ ಕಾರ್ಡಿಗಾಗಲಿ ಬ್ಯಾಂಕಿಗಾಗಲಿ, ಕೇಳಿದಾಗಲೆಲ್ಲ ಮೈದುನನ ಮುಖ ನೋಡುತ್ತಿದ್ದೆ, ಅವರೇ ಹೇಳುತ್ತಿದ್ದರು. ಅಲ್ಲೂ ಅವರೇ ಹೇಳಿದರು. ಹೆಸರು ಬರೆದುಕೊಂಡವನು “ಸರಿ” ಎಂದರೆ ಇವರು, “ಇನ್ನೊಂದು ಸಲ ಓದಿ” ಎಂದರು.

ಸಂಘಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ಶಾಖೆ. ಹಣ್ಣು ಶೀತಲ ಗೋದಾಮಿಗೆ ಹೋಗುವ ಮೊದಲು ಪ್ರತಿ ಚೀಲದ ಬಾಯಿಗೂ ಯಾರದು, ಯಾವ ಊರಿನದು ಎಂಬ ಚೀಟಿ ಹೊಲಿಯಬೇಕು. ಅದಕ್ಕೆ ಚಿಕ್ಕತಾತ ಕಂಪ್ಯೂಟರಿನಲ್ಲಿ ಒಂದು ಶೀಟು ಮಾಡಿದ್ದರು. ಒಂದು ಗುಂಡಿ ಒತ್ತಿದರೆ ಚೀಟಿಗಳೆಲ್ಲ ಸಾಲಾಗಿ ತಾವೇ ಅಚ್ಚಾಗಿ ಬರುತ್ತಿದ್ದವು. ಹಾಗೆ ಮಾಡಲು ಶೀಟಿನ ಒಳಗೆ ಬರೆದಿಟ್ಟ ಆಜ್ಞೆಗಳಿಗೆ ಮ್ಯಾಕ್ರೋ ಎನ್ನುತ್ತಾರಂತೆ. ಚಿಕ್ಕತಾತನಿಗೆ ಮಕ್ಕಳಿಲ್ಲ. ಆ ಶೀಟನ್ನು ಅವರು ಸಂಜೆ ಸಂಜೆ ಕೂತು ಬೆಳೆಸಿದ್ದನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು, ಮಲಗಿದ ಮಗು ಎದ್ದೀತು ಎನ್ನುವಂತೆ.

ಒಂದು ವರ್ಷ ಯಾರೋ ಆ ಆಜ್ಞೆಗಳೊಳಗೆ ಕೈಯಾಡಿಸಿದರು. ಬರಗೂರಿನ ಚೀಲಕ್ಕೆ ನಾಗಲಮಡಿಕೆಯ ಚೀಟಿ, ತೋವಿನಕೆರೆಯ ಚೀಲಕ್ಕೆ ಬರಗೂರಿನ ಚೀಟಿ. ಯಾರ ಹಣ್ಣು ಯಾರದೋ ಆಯಿತು. ಹೊಸದಾಗಿ ಬಂದ ಕಾರ್ಯದರ್ಶಿ ಮೇಡಂ ಆದೇಶ ಹೊರಡಿಸಿದರು: ಡಿಜಿಟಲ್ ಸಹಿ ಇಲ್ಲದ ಮ್ಯಾಕ್ರೋ ಇನ್ನು ಮುಂದೆ ಯಾವ ಶಾಖೆಯಲ್ಲೂ ಓಡಕೂಡದು.

ಬೇರೆ ಯಾರಾದರೂ ಆಗಿದ್ದರೆ ಗೊಣಗುತ್ತಿದ್ದರು. ಚಿಕ್ಕತಾತ ಅಂದು ಮನೆಗೆ ಹಬ್ಬದ ಮುಖ ಹೊತ್ತು ಬಂದರು. “ಅತ್ಗಮ್ಮ, ಇದು ನಮ್ಮ ರಾಶಿ ಅಚ್ಚೇ ಕಣಮ್ಮ. ಒಳಗೆ ಒಂದಕ್ಷರ ಕದಲ್ಸಿದ್ರೂ ಸಹಿ ಉದುರೋಯ್ತದೆ. ಗುಂಡಿ ಒತ್ತುದ್ರೆ ಏಳಾಕಿಲ್ಲ.” ಲೋಕವೆಲ್ಲ ಕೊನೆಗೂ ತಮ್ಮ ದಾರಿಗೆ ಬಂತು ಎಂಬ ಸಮಾಧಾನ ಅವರಿಗೆ.

ಸಹಿ ಮಾಡಿದರೆ ಸಾಲದು, ಈ ಸಹಿಯನ್ನು ನಂಬು ಎಂದು ಪ್ರತಿ ಕಂಪ್ಯೂಟರಿಗೂ ಹೇಳಿಕೊಡಬೇಕಂತೆ. ಅದಕ್ಕೆ ಚಿಕ್ಕತಾತ ತಮ್ಮ ಕಚೇರಿಯದನ್ನು ಮುಗಿಸಿ, ಸ್ಕೂಟರ್ ಹತ್ತಿ ಮಿಕ್ಕ ಮೂರೂ ಶಾಖೆಗೆ ಖುದ್ದಾಗಿ ಹೋದರು. ಶಿರಾದ ಗುಮಾಸ್ತರಾದ ಸಾಹೇಬರು ನಗುತ್ತಾ ಕುರ್ಚಿ ಎಳೆದರಂತೆ. “ನೀವೇ ಬರೋ ಜರೂರತ್ ಏನಿತ್ತು ಸಾರ್? ಕಳ್ಸಿದ್ರೆ ನಾನೇ ಹಾಕ್ಕೊತಿದ್ದೆ.”

“ಕಳ್ಸಿರೋದು ನಾನೇ ಅಂತ ನಿಮಗೆಂಗೆ ಗೊತ್ತಾಯ್ತದೆ?”

“ಫೋನ್ ಮಾಡಿ ಕೇಳ್ತಿದ್ದೆ.”

“ಫೋನಲ್ಲಿರೋದು ನಾನೇ ಅಂತ?”

“ಹಂಗಾದ್ರೆ ಈಗ ಎದುರಿಗೆ ನಿಂತಿರೋದು ನೀವೇ ಅಂತ ನಾನು ಹೆಂಗೆ ನಂಬ್ಲಿ, ಹೇಳಿ.”

ಸಾಹೇಬರು ತಮಾಷೆಗೆ ಅಂದದ್ದು. ಚಿಕ್ಕತಾತ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರು ಕಾರ್ಡನ್ನೂ ಪರದೆಯ ಮೇಲಿನ ಹೆಸರನ್ನೂ ನೋಡಿ ಏನೋ ಕೇಳಲು ಬಾಯಿ ತೆರೆದರಂತೆ. “ಹೂಂ ಅಂತ ಒತ್ತಿ, ಸಾಕು” ಎಂದು ಇವರು ಅವಸರ ಮಾಡಿದರಂತೆ. ಹಳ್ಳಿಗಳಲ್ಲಿ ದಾಖಲೆಗೊಂದು, ಮನೆಗೊಂದು ಹೆಸರಿರುವುದು ಹೊಸತಲ್ಲ ಎಂದುಕೊಂಡು ಸಾಹೇಬರು ಒತ್ತಿದರಂತೆ.

ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಒಂದು ಬೆಳಗ್ಗೆ ನಾಲ್ಕು ಶಾಖೆಯಲ್ಲೂ ಗುಂಡಿ ಸತ್ತುಹೋಯಿತು. ನಾಲ್ಕೂ ಕಡೆ ಓಡುವುದು ಒಂದೇ ಶೀಟು, ಅದನ್ನು ಕೊನೆಗೆ ತಿದ್ದಿದ್ದು ಪಾವಗಡದಲ್ಲಿ ಎಂದು ಕಂಡು ಚಿಕ್ಕತಾತ ಅಲ್ಲಿಗೆ ಓಡಿದರು. ಅಲ್ಲಿನ ಗುಮಾಸ್ತೆ ತೆಲುಗು ಬೆರೆಸಿ ಚಟಪಟ ಮಾತಾಡುವ ಹೆಣ್ಣುಮಗಳು. ಶೀಟು ತೆರೆದಾಗ ಎಲ್ಲರಿಗೂ ನಮಸ್ಕಾರ ಹೇಳಲಿ ಎಂದು ಮ್ಯಾಕ್ರೋದೊಳಗೆ ಒಂದು ಸಾಲು ಸೇರಿಸಿದ್ದಳು.

“ಊರಿಕೇ ಸಾರ್, ಸುಮ್ನೆ ಒಂದು ನಮಸ್ಕಾರ ಹಾಕ್ದೆ. ಅದ್ರಲ್ಲಿ ತಪ್ಪೇನುಂದಿ?”

“ನಮಸ್ಕಾರ ಬಾಯಲ್ಲಿ ಮಾಡಮ್ಮ. ಅದರೊಳಕ್ಕೆ ಕೈ ಇಕ್ಕಬ್ಯಾಡ. ಅಚ್ಚು ಒಡದೋಯ್ತು ನೋಡು.”

“ಮೀರು ದೇವರನ್ನೂ ಐಡಿ ಕಾರ್ಡ್ ಕೇಳ್ತೀರಾ ಸಾರ್?”

ಚಿಕ್ಕತಾತ ಯೋಚಿಸಿ ಉತ್ತರ ಕೊಟ್ಟರಂತೆ. “ನಾಗಲಮಡಿಕೆ ಸುಬ್ರಹ್ಮಣ್ಯನ್ನ ಕೇಳಲ್ಲ. ಮಿಕ್ಕೋರ ವಿಷಯ ನೋಡಬೇಕು.”

ಶೀಟನ್ನು ಮೊದಲಿನಂತೆ ಮಾಡಿ ಮತ್ತೆ ಸಹಿ ಒತ್ತಿದರು. ಆದರೆ ಗುಂಡಿ ಸತ್ತ ಸುದ್ದಿ ಮೇಡಂ ಕಿವಿಗೆ ಬಿದ್ದಿತ್ತು. ಮಧುಗಿರಿಯಲ್ಲಿ ಸಭೆ ಕರೆದರು. ಹಣ್ಣು ಕುಟ್ಟುವವರ ಪರವಾಗಿ ನನ್ನನ್ನು ಕಳಿಸಿದ್ದರು, ನಾನು ಬಾಗಿಲ ಬಳಿ ಗೋಡೆಗೆ ಒತ್ತಿಕೊಂಡು ಕೂತಿದ್ದೆ. ಮೇಡಂ ಶೀಟನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಸಹಿ ಯಾರದೆಂದು ತೆಗೆದು ನೋಡಿದರು. ಹೆಸರು ಕನ್ನಡದಲ್ಲೇ ಇತ್ತು. ಅದನ್ನು ಅವರು ಗಟ್ಟಿಯಾಗಿ ಓದಿದರು.

ನಾನು ಗೋಡೆಯನ್ನು ಬಿಟ್ಟು ನೆಟ್ಟಗೆ ಕೂತೆ.

“ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲವಲ್ಲ” ಎಂದರು ಮೇಡಂ. “ಹೊರಗಿನವರ ಕೈಗೆ ಶೀಟು ಕೊಟ್ಟಿದ್ದೀರಾ? ಹಾಗಿದ್ದರೆ ಇದನ್ನು ಇವತ್ತೇ ಅಳಿಸಬೇಕಾಗುತ್ತೆ. ವಿಚಾರಣೆ ಮುಗಿಯೋವರೆಗೆ ನೀವೂ ಬರೋದು ಬೇಡ. ಯಾರಿವರು?”

ಚಿಕ್ಕತಾತ ನೆಲ ನೋಡುತ್ತಾ ನಿಂತಿದ್ದರು. ಇಷ್ಟು ವರ್ಷ ನನ್ನ ಪರವಾಗಿ ಆ ಹೆಸರು ಹೇಳುತ್ತಿದ್ದ ಬಾಯಿ ಅಂದು ತೆರೆಯಲಿಲ್ಲ. ಇನ್ನು ಯಾರಿದ್ದರು? ನಾನು ಎದ್ದೆ.

“ಅವರು ನಮ್ಮನೆಯವರು, ಮೇಡಂ.”

“ಎಲ್ಲಿದ್ದಾರೆ? ಕರೆಸಿ.”

“ಕರುಸೋಕಾಗಲ್ಲ ಮೇಡಂ. ಹೋಗ್ಬುಟ್ರು.”

ಆಗ ಚಿಕ್ಕತಾತ ಮಾತಾಡಿದರು, ಶಾಲೆಯಲ್ಲಿ ಎದ್ದು ನಿಂತ ಮಗುವಿನಂತೆ. “ಸಹಿ ಮಾಡೋವಾಗ ಹೆಸರು ಕೇಳ್ತು ಮೇಡಂ, ಯಾರದು ಅಂತ. ನಮ್ಮನೇಲಿ ಅಚ್ಚು ಒತ್ತೋನು ಅಣ್ಣಯ್ಯ. ನಾನು ಕಾಯೋನು ಅಷ್ಟೇಯ. ಕೈ ತಂತಾನೇ ಅದನ್ನ ಬರೀತು.”

ಮೇಡಂ ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ. “ನಿಮ್ಮಣ್ಣನನ್ನ ನೀವು ನಂಬಬಹುದು. ನಾಳೆ ಚೀಟಿ ತಪ್ಪಿದರೆ ಜನಕ್ಕೆ ಉತ್ತರ ಹೇಳೋಕೆ ಬದುಕಿರೋ ಮನುಷ್ಯ ಬೇಕಲ್ವಾ? ನಿಮ್ಮ ಹೆಸರಲ್ಲಿ ಸಹಿ ಮಾಡಿ. ಹಳೇದನ್ನ ನಾಲ್ಕು ಕಡೆಯಿಂದಲೂ ತೆಗೀರಿ. ಹಾಗಾದರೆ ಶೀಟು ಇರಲಿ, ನೀವೂ ಇರಿ.”

ಕೆಲಸ ಉಳಿಯಿತು, ಶೀಟು ಉಳಿಯಿತು. ಆದರೂ ಸಂಜೆ ಚಿಕ್ಕತಾತ ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು, ಸಹಿಯ ಹೆಸರಿನ ಜಾಗ ಖಾಲಿ ಬಿಟ್ಟು ಕೂತಿದ್ದರು. ನಾನು ಕಾಫಿ ಇಟ್ಟಾಗ ಕೇಳಿದರು, “ಅತ್ಗಮ್ಮ, ನನ್ನ ಹೆಸರು ಬರೀಲಾ?”

“ಬರಿಯಪ್ಪ. ಈಗ ಮನೇಲಿ ದೊಡ್ಡೋನು ನೀನೇ ಅಲ್ವಾ.”

“ಇನ್ನೊಂದು ಸಲ ಹೇಳಿ.”

ಹೇಳಿದೆ. ಒಂದೊಂದೇ ಅಕ್ಷರ ಒತ್ತಿದರು.

ಶಿರಾ, ಪಾವಗಡ, ಮಧುಗಿರಿಗಳಲ್ಲಿ ಹಳೆಯ ಹೆಸರನ್ನು ಅವರೇ ತೆಗೆದು ಬಂದರು. ಕೊನೆಯದು ನಮ್ಮ ಕೊರಟಗೆರೆಯ ಶೆಡ್ಡು. ಹೆಂಗಸರು ಊಟಕ್ಕೆ ಹೋಗಿದ್ದರು. ಅವರು ನನ್ನನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಕಂಪ್ಯೂಟರ್ ನಂಬುವ ಹೆಸರುಗಳ ಪಟ್ಟಿ, ಅದರಲ್ಲಿ ಒಂದು ಕನ್ನಡದ ಹೆಸರು.

“ಇದೇ ತಾನೆ ಅಂತ ಬಾಯಲ್ಲಿ ಓದಿ ಹೇಳಿ ಅತ್ಗಮ್ಮ. ತಪ್ಪಿ ಬೇರೇದು ಹೋಗ್ಬಾರ್ದು.”

ನಾನು ಅವರ ಮುಖ ನೋಡಿದೆ, ಎಂದಿನಂತೆ ಅವರೇ ಹೇಳಲಿ ಎಂದು. ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ನಾನು ಓದಿದೆ. ಮದುವೆಯಾಗಿ ಬಂದಂದಿನಿಂದ ಮನಸ್ಸಿನಲ್ಲೇ ಇದ್ದ ಹೆಸರು ಮೊದಲ ಸಲ ನನ್ನ ದನಿಯಲ್ಲಿ ಹೊರಗೆ ಬಂತು.

ಎರಡನೇ ಸಲ ಕೇಳದೆ ಯಾವ ಮಾತನ್ನೂ ಬಿಡದ ನಿಮ್ಮ ಚಿಕ್ಕತಾತ ಅಂದು ಇನ್ನೊಂದು ಸಲ ಹೇಳಿ ಎನ್ನಲಿಲ್ಲ. ಅವರು ಕೇಳದಿದ್ದರೂ ನಾನು ಇನ್ನೊಂದು ಸಲ ಹೇಳಿದೆ.